ಎರಡು ಸಲ ಹೇಳಿದ ಸುದ್ದಿ

ಪಂಕ್ಚರ್ ಅಂಗಡಿಯವನನ್ನು ಮಧ್ಯಾಹ್ನ ಒಂದೂವರೆಗೆ ಸರಕಿನ ವ್ಯಾನಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ಲಾರಿಯ ಚಕ್ರ ಬಿಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಅಂಗೈಯಲ್ಲಿ ಇನ್ನೂ ಗ್ರೀಸ್ ಇತ್ತು. ನಾಡಿ ಇರಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತಷ್ಟೆ. ನರ್ಸ್ ಎದೆ ಒತ್ತುತ್ತಿದ್ದರೆ, ಇವಳು ಗಂಟಲಿಗೆ ಕೊಳವೆ ಇಳಿಸಿ ಗಾಳಿಚೀಲ ಹಿಸುಕತೊಡಗಿದಳು. ಗಾಬರಿಗೆ ಕೈ ಹಿಡಿತ ತಪ್ಪಿ, ಉಸಿರು ಹೊರಬರಲೂ ಬಿಡದೆ ಹಿಸುಕುತ್ತಲೇ ಹೋಯಿತು. ಎರಡು ಸಲ ಶಾಕ್ ಕೊಟ್ಟರು. ಆಮೇಲೆ ಮಾನಿಟರಿನ ಪರದೆಯ ಮೇಲಿನ ಗೆರೆ ಅಡ್ಡ ಮಲಗಿದ್ದು, ನಲವತ್ತು ನಿಮಿಷವಾದರೂ ಏಳಲಿಲ್ಲ. "ಸಾಕು, ನಿಲ್ಲಿಸಿ" ಎಂದಳು. ಚೀಲ ತೆಗೆದಳು, ಸಾವಿನ ಹೊತ್ತು ಬರೆದಳು, ಹೊರಗೆ ಹೋದಳು.

ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು.

"ಅಮ್ಮಾ, ನಮ್ಮ ಕೈಲಾದ್ದೆಲ್ಲ ಮಾಡಿದ್ವಿ. ಅವರು ಹೋಗ್ಬಿಟ್ರು."

ಆಕೆ ಅಳಲಿಲ್ಲ. ಗಂಡನ ಅಕ್ಕನಿಗೆ ಫೋನ್ ಹಚ್ಚಿ, "ಅತ್ತಿಗೆ, ನಿಮ್ಮ ತಮ್ಮ ಹೋಗ್ಬಿಟ್ರು" ಎಂದಳು. ಆ ಕಡೆಯ ಚೀರಾಟ ಡಾಕ್ಟರಮ್ಮನ ಕಿವಿಗೂ ಬಿತ್ತು.

ಅಷ್ಟರಲ್ಲಿ ಮೈ ಒರೆಸಲು ಹೋಗಿದ್ದ ಆಯಾ ಬಾಗಿಲಿಗೆ ಬಂದು ಸನ್ನೆ ಮಾಡಿದಳು. ಹತ್ತಿರ ಹೋದಾಗ ಪಿಸುಗುಟ್ಟಿದಳು: "ಮೇಡಂ, ಕುತ್ತಿಗೇಲಿ ನರ ಹೊಡ್ಕೊತಿದೆ."

"ಸುಮ್ನೆ ಹಾಗೆ ಅನ್ಸುತ್ತೆ."

"ನಾನು ಎಷ್ಟು ಹೆಣ ಒರೆಸಿಲ್ಲ ಮೇಡಂ! ಬಂದು ಮುಟ್ಟಿ ನೋಡಿ."

ಮುಟ್ಟಿದಳು. ಬೆರಳ ಕೆಳಗೆ ನಾಡಿ ಬಡಿಯುತ್ತಿತ್ತು.

ಓಡಿಬಂದ ಹಿರಿಯ ಡಾಕ್ಟರು ಎಲ್ಲ ವ್ಯವಸ್ಥೆ ಮಾಡಿ ಮುಗಿಸಿದ ಮೇಲೆ ಮೆಲ್ಲಗೆ ಹೇಳಿದರು: "ಗಾಳಿ ವಿಪರೀತ ತುಂಬಿದ್ದೀಯ. ಅದು ಎದೆಯೊಳಗೆ ಸಿಕ್ಕೊಂಡು ಹೃದಯಾನೇ ಅದುಮಿರಬೇಕು. ನೀನು ಚೀಲ ತೆಗೆದ ಮೇಲೆ ಹೊರಗೆ ಹೋಯ್ತು, ರಕ್ತಕ್ಕೆ ದಾರಿ ಸಿಕ್ತು. ಹೀಗಾಗೋದು ತುಂಬಾ ಅಪರೂಪ. ಹೋಗು, ಅವರ ಹೆಂಡ್ತಿಗೆ ನೀನೇ ಹೇಳು." ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬೆಂಚಿನವರೆಗಿನ ಇಪ್ಪತ್ತು ಹೆಜ್ಜೆಯನ್ನೂ ಅವಳು ನೆಲ ನೋಡುತ್ತಲೇ ನಡೆದಳು.

"ಅಮ್ಮಾ, ನಾನು ತಪ್ಪು ಹೇಳ್ಬಿಟ್ಟೆ. ಅವರ ಎದೆ ಬಡ್ಕೊತಿದೆ. ಉಳೀತಾರಾ ಅಂತ ಈಗ್ಲೇ ಹೇಳಕ್ಕಾಗಲ್ಲ."

ಆಕೆ ಎದ್ದು ನಿಂತಳು. "ಈ ಸಲ ನಿಜಾನಾ?" ಆಮೇಲೆ ಫೋನ್ ಚಾಚಿದಳು. "ನಾನು ಹೇಳಿದ್ರೆ ಅತ್ತಿಗೆ ನಂಬಲ್ಲ. ನೀವೇ ಹೇಳಿ."

ಹೇಳಿದಳು. "ಸಾವಿನ ವಿಷ್ಯದಲ್ಲೂ ಆಟ ಆಡ್ತೀರೇನ್ರೀ?" ಎಂದಿತು ಆ ಕಡೆಯ ದನಿ.

ನಾಲ್ಕನೇ ದಿನ ಅವನು ಕಣ್ಣು ಬಿಟ್ಟ. ಮನೆಗೆ ಹೊರಡುವ ದಿನ ಡಾಕ್ಟರಮ್ಮ ಅವನೆದುರು ನಿಂತು, ಏನನ್ನೂ ಮುಚ್ಚಿಡದೆ ಹೇಳಿದಳು, ಆಯಾಳ ಮಾತನ್ನು ತಳ್ಳಿಹಾಕಿದ್ದನ್ನೂ ಸೇರಿಸಿ.

"ಗಾಳಿ ಜಾಸ್ತಿ ಆಯ್ತು ಅನ್ನಿ!" ಅವನು ನಕ್ಕು, ನೋವಿಗೆ ಎದೆ ಹಿಡಿದುಕೊಂಡ. "ನಾನೂ ಮೊದಮೊದಲು ಎಷ್ಟು ಟ್ಯೂಬ್ ಒಡೆದಿಲ್ಲ! ಬಿಡಿ ಡಾಕ್ಟ್ರೇ."

ಅವಳಿಗೆ ನಗು ಬರಲಿಲ್ಲ. ಹೆಂಡತಿಯೂ ನಗಲಿಲ್ಲ.

"ಇವರು ನಗ್ತಾರೆ. ನನ್ಕೈಲಿ ಆಗಲ್ಲ ಡಾಕ್ಟ್ರೇ. ಆ ಅರ್ಧ ಗಂಟೇಲಿ ನಾನು ಇವರಿಲ್ಲದ ಮನೆಗೆ ಹೋಗಿ ಬಂದಿದೀನಿ."

ಆಕೆ ಗಂಡನ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸತೊಡಗಿದಳು. ಅವನ ಇನ್ನೊಂದು ತೋಳು ಹಿಡಿಯಲು ಯಾರೂ ಇರಲಿಲ್ಲ. ಹೋಗಿ ಹಿಡಿದುಕೊಳ್ಳುವ ಧೈರ್ಯ ಡಾಕ್ಟರಮ್ಮನಿಗೆ ಬರಲಿಲ್ಲ.