ಬಿಳಿ ಒಂದಕ್ಕೆ ಕೂಡಿಸಿದ ತಂಬೂರಿ

ನಮ್ಮ ಮನೆಯವರ ಹೊಟ್ಟೆಕಿಚ್ಚಿಗೆ ಹದಿನಾರು ರೂಪಾಯಿ ಬಿತ್ತು. ಆ ದುಡ್ಡಿನಲ್ಲಿ ನನಗೊಂದು ಇಳಕಲ್ ಸೀರೆ ಬರುತ್ತಿತ್ತು, ಜೊತೆಗೆ ಕುಪ್ಪಸಕ್ಕೆ ಖಣವೂ ಬರುತ್ತಿತ್ತು. ಬಂದದ್ದು ಮಾತ್ರ ರಿಪೇರಿಯಾದ ತಂಬೂರಿ.

ತಂಬೂರಿ ನಮ್ಮ ಮಾವನವರದು. ಧಾರವಾಡ ಬಿಟ್ಟು ಪುಣೆಗೆ ಬರುವಾಗ ಅವರು ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಹಿರಿಯ ಮಗನ ಪಾಲಿಗೆ, ಅಂದರೆ ಇವರ ಪಾಲಿಗೆ ಬಂತು. ಇವರ ಹೆಸರು ನಾನು ಹೇಳುವ ಹಾಗಿಲ್ಲ. ರವಿವಾರ ಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ದಿನಾ ಬೆಳಿಗ್ಗೆ ತಪ್ಪದೆ ಹಾಡುತ್ತಾರೆ. ಕೇಳಲು ಯಾರೂ ಬರುವುದಿಲ್ಲ.

ನನ್ನ ಮೈದುನ ಶಿವಪುತ್ರಪ್ಪ ಖಡಕಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಶ್ರಾವಣ ಸೋಮವಾರ ಅವನು ನಮ್ಮಲ್ಲಿಗೆ ಬಂದು ಹಾಡಿದರೆ ನಾವು ಬಾಡಿಗೆಗಿರುವ ವಾಡೆಯ ಮೆಟ್ಟಿಲ ಮೇಲೆಲ್ಲ ಜನ. ಅವನ ಹೆಂಡತಿ ಸಾವಂತ್ರವ್ವ ಮುಂದಿನ ಸಾಲಿನಲ್ಲಿ ಕೂತು, ತಾನೇ ಹಾಡಿ ದಣಿದವಳಂತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾಳೆ. ಅದನ್ನು ನೋಡಿದರೆ ನನಗೂ ಮೈ ಉರಿಯುತ್ತದೆ.

"ಅಂವಾ ಬರೇ ಒದರತಾನ. ಅಪ್ಪನ ಧ್ವನಿ ಬಂದದ್ದು ನನಗ," ಎನ್ನುತ್ತಾರೆ ಇವರು.

ಮಾವನವರು ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದಕ್ಕೆ, ಅಂದರೆ ಮೊದಲ ಬಿಳಿ ಮನೆಯ ಸ್ವರಕ್ಕೆ, ಹಾಡುತ್ತಿದ್ದರು. ತಗ್ಗಿನ ಶ್ರುತಿ. ಇವರದೂ ಅದೇ. ಮೈದುನನದು ಕರಿ ಎರಡು, ಇವರಿಗಿಂತ ಮೇಲೆ. ಬಂದಾಗಲೆಲ್ಲ ಇದೇ ತಂಬೂರಿಯನ್ನು ಬಿರಡೆ ತಿರುವಿ ಏರಿಸಿಕೊಂಡು ಹಾಡುತ್ತಿದ್ದ. ಅಪ್ಪನ ಶ್ರುತಿ ತನ್ನದು ಎನ್ನುವುದೊಂದೇ ಇವರ ದೊಡ್ಡ ಆಸ್ತಿ.

ಆಷಾಢದಲ್ಲಿ ಮೈದುನ ಯಾರದೋ ಮನೆಯಲ್ಲಿ ಹಾಡಲಿಕ್ಕೆ ತಂಬೂರಿ ಒಯ್ದ. ಸ್ವಾರಗೇಟ ಹತ್ತಿರ ಟಾಂಗಾ ತಗ್ಗಿಗೆ ಬಿದ್ದು ತಂಬೂರಿಯ ಬುರುಡೆ ಸೀಳಿತು. ತಲೆ ತಗ್ಗಿಸಿಕೊಂಡು ಬಂದು ನಿಂತ.

"ಅಣ್ಣಾ, ರಿಪೇರಿ ನಾ ಮಾಡಸ್ತೀನಿ."

"ನಿನ್ನ ರೊಕ್ಕ ಬ್ಯಾಡ. ಅಪ್ಪನ ತಂಬೂರಿ, ನಾನ ಮಾಡಸ್ತೀನಿ."

ಬುಧವಾರ ಪೇಟೆಯಲ್ಲಿ ಮಾರ್ತಾಂಡನೆಂಬವನು ವಾದ್ಯ ರಿಪೇರಿ ಮಾಡುತ್ತಿದ್ದ. ಪೇಟೆಯಲ್ಲಿ ನನಗೂ ಕೆಲಸವಿತ್ತೆಂದು ಜೊತೆಗೆ ಹೋಗಿದ್ದೆ. ಅವನು ಬುರುಡೆಯನ್ನು ಬೆರಳಿನಿಂದ ಬಡಿದು ನೋಡಿ ಮರಾಠಿಯಲ್ಲಿ ಹೇಳಿದ: ಸೀಳು ಕೂಡಿಸಲು ಎರಡು ರೂಪಾಯಿ ಸಾಕು. ತಂತಿ ಕೂರುವ ಕುದುರೆ ಹೊಸದು ಮಾಡಿ, ಅದನ್ನು ಒಂದೇ ಶ್ರುತಿಗೆ ಹೊಂದುವಂತೆ ಕೆರೆದು, ದಪ್ಪ ತಂತಿ ಹಾಕಬೇಕಾದರೆ ಹದಿನಾರು. ಆದರೆ ಆಮೇಲೆ ಶ್ರುತಿ ಏರಿಸಲಿಕ್ಕೆ ಹೋಗಬೇಡಿ, ತಂತಿ ಹರಿಯುತ್ತದೆ.

ಇವರ ಕಣ್ಣು ಅರಳಿತು. "ಬಿಳಿ ಒಂದಕ್ಕ ಮಾಡ್ರಿ," ಎಂದು ಅವಸರದಲ್ಲಿ ಅವನಿಗೂ ಕನ್ನಡದಲ್ಲೇ ಹೇಳಿ, ಮತ್ತೆ ಮರಾಠಿಯಲ್ಲಿ ಹೇಳಿದರು.

"ಎರಡು ರೂಪಾಯಿದ್ದು ಸಾಕಲ್ರೀ," ಎಂದೆ ಮೆಲ್ಲಗೆ. "ಶಿವಪುತ್ರಪ್ಪ ಹ್ಯಾಂಗ ಹಾಡಬೇಕು?"

"ಅದು ಅವನ ಚಿಂತಿ."

ಸಾವಂತ್ರವ್ವನ ಸೆರಗು ನೆನಪಾಗಿ ನಾನೂ ಬಾಯಿ ಮುಚ್ಚಿದೆ.

ಶ್ರಾವಣದ ಕಡೆಯ ಸೋಮವಾರ ಜನ ಸೇರಿದರು. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋಡೆಗೆ ಒರಗಿ ಕೂತಿದ್ದರು. ಮೈದುನ ತಂಬೂರಿ ಮೀಟಿದ, ಬಿರಡೆ ತಿರುವಿದ. ತಂತಿ ನರಳಿತು. ಅವನು ಕೈ ತೆಗೆದ.

"ಅಣ್ಣಾ, ಇದು ಮ್ಯಾಲ ಏರವಲ್ದು."

"ಅಪ್ಪ ಇಷ್ಟಕ್ಕ ಹಾಡತಿದ್ದ. ನಿನಗ ಆಗದಿದ್ರ ಬಿಡು, ನಾ ಹಾಡತೀನಿ." ಇವರು ಅರ್ಧ ಎದ್ದೇ ಬಿಟ್ಟಿದ್ದರು.

ಮೈದುನ ಮತ್ತೆ ತಂತಿ ಮೀಟಿದ. ಆಮೇಲೆ ತಗ್ಗಿನಲ್ಲೇ ಹಾಡು ಎತ್ತಿಕೊಂಡ. ಏನು ಹೇಳಲಿ! ಇಷ್ಟು ವರ್ಷ ಅವನು ಹಾಡಿದ್ದು ಗಂಟಲಿನಿಂದ. ಆ ದಿನ ಹಾಡಿದ್ದು ಹೊಕ್ಕಳಿನಿಂದ. ಮೆಟ್ಟಿಲ ಮೇಲಿನ ಮಕ್ಕಳೂ ಗಲಾಟೆ ಬಿಟ್ಟರು. ಒಳಗೆ ಹೋಳಿಗೆ ಲಟ್ಟಿಸುತ್ತಿದ್ದ ನನ್ನ ಅತ್ತೆ ಪಾರವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು.

"ನಿಮ್ಮಪ್ಪ ಹಾಡಿದಂಗ ಆತಲ್ಲೋ ಶಿವಪುತ್ರಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಇವರು ಇದೇ ಶ್ರುತಿಗೆ ದಿನಾ ಬೆಳಿಗ್ಗೆ ಹಾಡುವಾಗ ಅತ್ತೆ ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ರುದ್ರವ್ವಾ, ಹಾಲು ಉಕ್ಕತಾವ ನೋಡು."

ಹಾಡು ಮುಗಿದ ಮೇಲೆ ಮೈದುನ ಬಂದು ಇವರ ಕಾಲಿಗೆ ಬಿದ್ದ. "ಮ್ಯಾಲ ಹಾಡಿ ಹಾಡಿ ಗಂಟಲ ಹೋಗಿತ್ತು ಅಣ್ಣಾ. ಯಾರಿಗೂ ಹೇಳಿದ್ದಿಲ್ಲ. ಈ ಶ್ರುತಿ ನನಗ ಕೂಡತದಂತ ನಿನಗ ಹ್ಯಾಂಗ ತಿಳೀತು?"

ಇವರು ನನ್ನ ಮುಖ ನೋಡಿದರು. ಬಾಯಿಂದ ಬಂದದ್ದು, "ಹದಿನಾರು ರೂಪಾಯಿ ಬಿತ್ತು."

"ಭಾಳ ಛಲೋ ಕೆಲಸ ಮಾಡಿದಿ, ಮಗನ," ಎಂದರು ಅತ್ತೆ.

ಮರುದಿನ ಬೆಳಿಗ್ಗೆ ತಂಬೂರಿ ಗವಸಣಿಗೆಯಲ್ಲೇ ಇತ್ತು. ಇವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಹಾಡಂಗಿಲ್ಲೇನ್ರಿ?"

"ಖಡಕಿಗೆ ಕಳಸಿಬಿಡು ಅದನ್ನ. ಅದಕ್ಕ ಅವನ ಧ್ವನಿ ಕೂಡಿ ಹೋತು."

ಒಲೆಯ ಮುಂದೆ ಹೋಗಿ ಕೂತೆ. ಮೈದುನನ ಮೇಲೆ ನನಗೆ ಹಿಂದೆಂದೂ ಇಲ್ಲದಷ್ಟು ಸಿಟ್ಟು ಬಂತು. ಕೇಳಲು ಯಾರೂ ಬರುವುದಿಲ್ಲ ಎಂದೆನಲ್ಲ, ಅದು ಸುಳ್ಳು. ದಿನಾ ಬೆಳಿಗ್ಗೆ ಹಾಲು ಉಕ್ಕುತ್ತಿದ್ದದ್ದು ನಾನು ಕೇಳುತ್ತಾ ಕೂತಿರುತ್ತಿದ್ದೆನೆಂದು. ಆ ದಿನ ಉಕ್ಕಲಿಲ್ಲ.