ನೈರಾಳ ಮೊದಲ ಕೂದಲು

ಫೋರ್ತುನಾತೋನ ಕೈಗೆ ಕತ್ತರಿ ಕೊಟ್ಟವರು ನಾವೇ. ಇನ್ನು ಯಾರನ್ನು ಬೈಯಲಿ?

ಸಾವೊ ಪೌಲೋದಲ್ಲಿ ಅವನದು ನೆಲಮಾಳಿಗೆಯ ಹೊಲಿಗೆ ಕಾರ್ಖಾನೆ. ನಾನು, ನನ್ನ ಗಂಡ ಎಲೋಯ್, ಇನ್ನೊಂದಷ್ಟು ಜನ ಬೊಲಿವಿಯಾದವರು ಅಲ್ಲೇ ಹೊಲಿದು ಅಲ್ಲೇ ಮಲಗುತ್ತಿದ್ದೆವು. ಹೊರಬಾಗಿಲಿಗೆ ಸದಾ ಬೀಗ. ಬಟ್ಟೆಯ ಧೂಳು ಕುಡಿದು ನನ್ನ ಕೂಸು ನೈರಾ ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದಳು. ಅವಳನ್ನು ಅಲ್ಲಿಂದ ಆಚೆ ಸಾಗಿಸಬೇಕು, ನನಗೆ ಅಷ್ಟೇ ಬೇಕಿದ್ದದ್ದು.

ಎಲೋಯ್ ಉಪಾಯ ಹೇಳಿದ. "ಮಗೂದು ಮೊದಲ ಕೂದಲು ತೆಗೆಯೋ ಶಾಸ್ತ್ರ ಮಾಡೋಣ ಕಣೇ. ಧಣೀನೇ ಕತ್ತರಿ ಹಾಕ್ಲಿ. ಕಂಪಾದ್ರೆ ಆದೋನು ನಮ್ಮನ್ನ ಕೂಡಿಹಾಕ್ತಾನಾ?"

ಹಾಗೆ ಕತ್ತರಿ ಹಾಕಿದವನು ಮಗುವಿಗೆ ಎರಡನೇ ಅಪ್ಪ, ನಮಗೆ ಕಂಪಾದ್ರೆ. ಒಡಹುಟ್ಟಿದವನಿಗಿಂತ ಹೆಚ್ಚು. ಕಂಪಾದ್ರೆಯ ಮೇಲೆ ದೂರು ಹೇಳಿದವನ ಹೆಣಕ್ಕೂ ನಮ್ಮೂರಲ್ಲಿ ಹೆಗಲು ಸಿಗದು.

ಭಾನುವಾರ ಯಂತ್ರಗಳನ್ನು ಗೋಡೆಗೆ ಸರಿಸಿ ಕಡಲೆಬೀಜದ ಸಾರು ಮಾಡಿದೆ. ಭೂತಾಯಿಗೆಂದು ಸಿಮೆಂಟಿನ ಮೇಲೆ ಚಿಚಾ, ನಮ್ಮೂರ ಜೋಳದ ಹೆಂಡ, ಚೆಲ್ಲಿದೆವು. ಫೋರ್ತುನಾತೋ ಕೂದಲು ಕತ್ತರಿಸಿದ. ಹಾಳಾದವನು ಕಣ್ಣೀರೂ ಹಾಕಿದ!

"ಕಂಪಾದ್ರೆ, ಇನ್ನು ಆ ಬೀಗ..." ಎಂದು ಎಲೋಯ್ ರಾಗ ಎಳೆದ.

"ಏನ್ ಮಾತು ಅಂತ ಆಡ್ತೀಯಪ್ಪ! ನಿನ್ನೆವರೆಗೂ ಕೆಲಸದೋರು, ಇವತ್ತು ಮನೆಯೋರು. ಮನೆಯೋರನ್ನ ಯಾರಾದ್ರೂ ಈ ಕೆಟ್ಟೂರಿನ ಬೀದಿಗೆ ಬಿಡ್ತಾರಾ? ಮಗು ಮಾತ್ರ ಮೇಲೆ ನಮ್ಮನೇಲಿರ್ಲಿ. ಅಲ್ಲಿ ಕಿಟಕಿ ಇದೆ."

ಬೇಡ ಅನ್ನಲು ಯಾವ ಬಾಯಿ? ಕಿಟಕಿಯ ಗಾಳಿಗೆ ಅವಳ ಕೆಮ್ಮು ನಿಂತಿತು. ಭಾನುವಾರ ಗಳಿಗೆ ಹೊತ್ತು ಕೆಳಗೆ ತರುತ್ತಿದ್ದರು. ಬಂದಾಗ ಖುಷಿ, ಮತ್ತೆ ಮೇಲೊಯ್ಯುವಾಗ ಸಂಕಟ.

ಚಳಿಗಾಲ ಮುಗಿಯುವಾಗ ಸರ್ಕಾರದ ತಪಾಸಣೆಯವರು ನುಗ್ಗಿದರು. ಒಬ್ಬ ಹೆಂಗಸು ನನ್ನ ಪಕ್ಕ ಕೂತಳು. "ಹೆದರಬೇಡಮ್ಮ. ನಿಮ್ಮನ್ನ ಇಲ್ಲಿ ಕೂಡಿಹಾಕಿದಾರಾ? ಹೂಂ ಅನ್ನು ಸಾಕು, ಈಗ್ಲೇ ಕರ್ಕೊಂಡು ಹೋಗ್ತೀವಿ."

ಎಲೋಯ್ ನನ್ನ ತೋಳು ಚಿವುಟಿದ. "ಕಂಪಾದ್ರೆ ಕಣೇ. ಪಾಪ ಸುತ್ಕೊಳ್ಳುತ್ತೆ."

ಸುತ್ತಿಕೊಳ್ಳಲಿ, ಹೇಳಿಯೇ ಬಿಡುತ್ತೇನೆ ಎಂದು ಎದ್ದೆ. ಅಷ್ಟರಲ್ಲಿ ಫೋರ್ತುನಾತೋ ಮೆಟ್ಟಿಲಿಳಿದು ಬಂದ, ಕಂಕುಳಲ್ಲಿ ನೈರಾ. ಕೆನ್ನೆ ತುಂಬಿಕೊಂಡಿದ್ದಳು.

"ಬಾರೇ ನನ್ನ ಬಂಗಾರ" ಎಂದು ಕೈ ಚಾಚಿದೆ. ಅವಳು ಅವನ ಕತ್ತಿಗೆ ಜೋತುಬಿದ್ದಳು. ಎಳೆದೆ. "ಅಪ್ಪಾ!" ಎಂದು ಚೀರಿದಳು.

"ಇದು ಯಾರ ಮಗು?" ಎಂದಳು ಆ ಹೆಂಗಸು.

"ನಂದೇ" ಎಂದ ಫೋರ್ತುನಾತೋ.

ಕೈಯಲ್ಲಿ ಒಂದು ಚೂರು ಕಾಗದವಿಲ್ಲದ ನಾನು ಹೆತ್ತವಳೆಂದರೆ ಯಾರು ನಂಬಿಯಾರು? ನನ್ನನ್ನು ಆಚೆ ಒಯ್ದು ಅವಳನ್ನು ಇವನ ಬಳಿಯೇ ಬಿಟ್ಟರೆ?

"ಯಾರೂ ಕೂಡಿಹಾಕಿಲ್ಲ ತಾಯಿ" ಎಂದೆ. "ನಾವೆಲ್ಲ ಒಂದೇ ಮನೆಯವರು."

ನಾನು ಕೈ ಬಿಟ್ಟದ್ದೇ, ನೈರಾ ಅಳು ನಿಲ್ಲಿಸಿದಳು.