ಮೂರನೆಯ ಹಾಯಿಕಂಬ

"ಕೈ ಅಲ್ಲಾಡಿಸಬೇಡಿ, ಸೂಜಿ ಚುಚ್ಚತ್ತೆ," ಎಂದು ತಂಗಿ ಗದರಿದಳು.

ಬೀದಿಯ ಕ್ಷೌರಿಕ ಹೊಲಿಗೆಯಂಗಡಿಯ ಹೊಸ್ತಿಲಲ್ಲಿ ಒಂದು ತೋಳು ಮುಂದೆ ಚಾಚಿ, ಮೇಷ್ಟ್ರ ಎದುರು ನಿಂತವನಂತೆ ನಿಂತಿದ್ದ. ಅವನ ಕೋಟಿನ ಗುಂಡಿಯೊಂದು ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು.

"ಇರಲಿ ಬಿಡಿ ಚಿಕ್ಕಕ್ಕ, ಇವತ್ತು ಇದನ್ನ ಯಾರು ನೋಡ್ತಾರೆ?"

"ಅವಳು ನೋಡ್ತಾಳೆ." ತಂಗಿ ದಾರವನ್ನು ಹಲ್ಲಿನಲ್ಲಿ ಕಡಿದಳು. "ಹೂಂ, ಈಗ ಒಳಗೆ ಹೋಗಿ."

ಒಳಗೆ, ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ ಮಾಡಿದ ಜಾಗದಲ್ಲಿ, ಅಕ್ಕ ಬಿಳಿ ಹೊದಿಕೆಯಡಿ ಮಲಗಿದ್ದಳು. ಮೊನ್ನೆ ಊಟ ಮುಗಿಸಿ, "ಹತ್ತು ನಿಮಿಷ ಕಣ್ಣು ಮುಚ್ತೀನಿ ಕಣೆ, ಗಿರಾಕಿ ಬಂದ್ರೆ ಎಬ್ಬಿಸು" ಅಂದವಳು. ಗಿರಾಕಿ ಬಂದರು, ತಂಗಿ ಎಬ್ಬಿಸಿದಳು. ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಅಕ್ಕ ಮೊದಲ ಸಲ ಗಿರಾಕಿಯ ಕರೆಗೆ ಓಗೊಡಲಿಲ್ಲ.

ಬಂದವರಲ್ಲಿ ನೆಂಟರು ಬೆರಳೆಣಿಕೆಯಷ್ಟು, ಮಿಕ್ಕವರೆಲ್ಲ ಗಿರಾಕಿಗಳೇ. ಅಷ್ಟು ಜನರಲ್ಲಿ ಒಬ್ಬರ ಬಟ್ಟೆಯೂ ಜೋಲುತ್ತಿರಲಿಲ್ಲ, ಒಬ್ಬರದೂ ಬಿಗಿದುಕೊಂಡಿರಲಿಲ್ಲ. ಇನ್ನೊಬ್ಬರು ಹೊಲಿದ ಬಟ್ಟೆಯನ್ನು ಬಿಚ್ಚಿ, ಹಿಡಿದು, ಬಿಟ್ಟು, ಮೈಗೆ ಒಪ್ಪುವಂತೆ ಮಾಡಿಕೊಡುವುದೇ ನಲವತ್ತನಾಲ್ಕು ವರ್ಷ ಅವಳ ಕಸುಬು. ಕುತ್ತಿಗೆಯಲ್ಲಿ ಸದಾ ಅಳತೆಪಟ್ಟಿ ನೇತಾಡುತ್ತಿದ್ದುದರಿಂದ ಬೀದಿಗೆಲ್ಲ ಅವಳು ಟೇಪಕ್ಕ.

"ಈ ಕೋಟು ನೋಡಿ," ಎಂದರು ನಿವೃತ್ತ ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ. "ನಾನು ನಾಲ್ಕು ಸಲ ದಪ್ಪ ಆದೆ, ಮೂರು ಸಲ ಸಣ್ಣ ಆದೆ. ಪ್ರತಿ ಸಲ ಇದೇ ಕೋಟು. ಒಂದು ದಿನ ಯಾಕೆ ಅಂತ ಕೇಳಲಿಲ್ಲ, ಮಹಾತಾಯಿ."

"ನನ್ನನ್ನ ಕೇಳಿದ್ಲು," ಎಂದ ಕ್ಷೌರಿಕ. "ಏನಯ್ಯಾ, ಹೊಟ್ಟೆ ಬಾಡಿಗೆಗೆ ಕೊಟ್ಟಿದೀಯಾ, ಅಂತ."

ಅಳುತ್ತಿದ್ದವರು ನಕ್ಕರು. ಅಷ್ಟರಲ್ಲಿ ಅಂಗಡಿಯ ಮುಂದೆ ನೀಲಿ ವ್ಯಾನೊಂದು ಬಂದು ನಿಂತಿತು. ಪಕ್ಕದಲ್ಲಿ 'ಬಂದರು ಮ್ಯೂಸಿಯಂ' ಎಂದು ಬರೆದಿತ್ತು. ಇಳಿದವನ ತಲೆ ಪೂರ್ತಿ ನರೆತಿದ್ದರೂ ತಂಗಿಗೆ ಗುರುತು ಹತ್ತಿತು. ಮ್ಯೂಸಿಯಂನ ಮೇಲ್ವಿಚಾರಕ.

"ನಿಮಗೆ ಯಾರು ಹೇಳಿ ಕಳಿಸಿದ್ದು?" ಎಂದಳು, ಬನ್ನಿ ಎನ್ನುವುದರ ಬದಲಿಗೆ.

*

ಹದಿನೈದು ವರ್ಷದ ಹಿಂದೆ ಇದೇ ಮನುಷ್ಯ ಒಂದು ಗಂಟು ಹರಕಲು ಬಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದಿದ್ದ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿದ್ದ ಮರದ ಮಾದರಿ ಹಡಗಿನ ಹಾಯಿಗಳನ್ನು ನುಸಿ ತಿಂದಿತ್ತು. ಹೊಸದು ಹೊಲಿದು ಕೊಡಬೇಕಿತ್ತು. ಅದರ ಮೂಲ ಊರಿಗೆ ಊರೇ ಹೆಮ್ಮೆಪಡುವ ಹಡಗು. ಇನ್ನೂರು ವರ್ಷದ ಹಿಂದೆ, ಮೊದಲ ಪಯಣಕ್ಕೆ ಹೊರಟು ಬಂದರಿನ ಬಾಯಲ್ಲೇ ಬಿರುಗಾಳಿಗೆ ಸಿಕ್ಕಿ ಮುಳುಗಿದ ಹಾಯಿಹಡಗು. ಶಾಲೆಯ ಗೋಡೆಯಿಂದ ಹಿಡಿದು ಬಿಸ್ಕತ್ತಿನ ಡಬ್ಬದವರೆಗೆ ಎಲ್ಲೆಲ್ಲೂ ಅದರದೇ ಚಿತ್ರ: ಎರಡು ಹಾಯಿಕಂಬ, ಬೀಗುತ್ತಿರುವ ಹಾಯಿಗಳು.

ಬಟ್ಟೆ ಯಾವ ಬಗೆಯದೆಂದು ತಿಳಿಯಲಿ ಎಂದು ಮೇಲ್ವಿಚಾರಕ ಹಡಗು ಕಟ್ಟಿದವರ ಹಳೆಯ ಸಾಮಾನು ಪಟ್ಟಿಯ ನಕಲನ್ನೂ ಕೊಟ್ಟು ಹೋದ. ಅಕ್ಕ ಅದನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಕೂತಳು.

"ಇದೇನೇ ಇದು? ಎರಡು ಸಾವಿರ ಗಜ ಹಾಯಿಬಟ್ಟೆ ತರಿಸಿದಾರೆ. ಎರಡು ಕಂಬದ ಹಾಯಿಗೆ ಸಾವಿರದ ನಾನೂರರ ಮೇಲೆ ಒಂದು ಗಜಾನೂ ಹಿಡಿಯಲ್ಲ. ಮಿಕ್ಕಿದ್ದು ಎಲ್ಲೋಯ್ತು?"

"ಕದ್ದಿರ್ತಾರೆ ಬಿಡು," ಎಂದಿದ್ದಳು ತಂಗಿ.

"ಆರುನೂರು ಗಜಾನಾ? ಹೊತ್ಕೊಂಡು ಹೋಗೋಕೆ ಇನ್ನೊಂದು ಹಡಗು ಬೇಕು."

ಹೊಲಿದ ಹಾಯಿಗಳನ್ನು ಕೊಡಲು ಹೋದಾಗ ಅಕ್ಕ ಕೇಳಿಯೇ ಕೇಳಿದಳು. ಹರಿದರೆ ಇರಲಿ ಅಂತ ಇಟ್ಟುಕೊಂಡಿರುತ್ತಾರೆ ಎಂದ ಮೇಲ್ವಿಚಾರಕ. ತೇಪೆಯ ಬಟ್ಟೆಯನ್ನು ಕೆಳಗೆ ಬೇರೆಯಾಗೇ ಬರೆದಿದ್ದಾರಲ್ಲ ಎಂದಳು ಅಕ್ಕ. ಅವನು ಗೋಡೆಯ ಚಿತ್ರ ತೋರಿಸಿದ. ಅದನ್ನು ಬರೆದವನು ಹಡಗು ಮುಳುಗಿ ಐವತ್ತು ವರ್ಷದ ಮೇಲೆ ಹುಟ್ಟಿದವನು ಎಂದು ಕೆಳಗಿನ ಫಲಕವೇ ಹೇಳುತ್ತಿತ್ತು. ಅಕ್ಕ ಫಲಕ ಓದಿದಳು, ಅವನ ಮುಖ ನೋಡಿದಳು, ಚೀಲ ಎತ್ತಿಕೊಂಡು ಬಂದಳು.

ಅದರ ಮರುವಾರ ಮೇಲಿನ ಕೋಣೆಯಲ್ಲಿ ಅವಳದೇ ಒಂದು ಮಾದರಿ ಹಡಗಿನ ಕೆಲಸ ಶುರುವಾಯಿತು. ಗರಗಸ ಹಿಡಿದು ಗೊತ್ತಿಲ್ಲದವಳು. ಮೊದಲ ಎರಡು ಒಡಲು ಒಲೆಗೆ ಹೋದವು. ಮೂರನೆಯದಕ್ಕೆ ಅಂಗಡಿಯ ಹಳೇ ಮೇಜಿನ ಹಲಗೆಯನ್ನೇ ಸೀಳಿಸಿದಳು. ವರ್ಷಗಟ್ಟಲೆ ಬಟ್ಟೆ ಉಜ್ಜಿ ಉಜ್ಜಿ ನುಣುಪಾದ ಮರ. ಬೆರಳಗಲದ ಪಟ್ಟಿಗಳನ್ನು ನೀರಲ್ಲಿ ನೆನೆಸಿ, ಇಸ್ತ್ರಿಪೆಟ್ಟಿಗೆಯ ಹಬೆ ಕೊಟ್ಟು, ಕೋಟಿನ ಕಾಲರನ್ನು ಬಗ್ಗಿಸುವ ಹಾಗೆ ಮೆಲ್ಲಗೆ ಬಗ್ಗಿಸಿ, ಹಡಗಿನ ಪಕ್ಕೆಲುಬುಗಳಿಗೆ ಅಂಟಿಸಿದಳು. ಮೊಳೆಗೆ ಬದಲು ತಲೆ ಕತ್ತರಿಸಿದ ಗುಂಡುಪಿನ್ನು. ಹಗ್ಗಕ್ಕೆ ಜೇನುಮೇಣ ಸವರಿದ ದಾರ. ಹಗ್ಗ ಬಿಗಿಯುವ ಬಿಲ್ಲೆಗಳಿಗೆ ಅಂಗಿಯ ಗುಂಡಿ ಹಾಕಬಾರದೇ ಎಂದು ತಂಗಿ ಕೇಳಿದಾಗ, "ಗುಂಡಿಗೆ ನಾಲ್ಕು ತೂತು, ಹಡಗಿಗೆ ಮೂರೇ ತೂತು ಬೇಕು," ಎಂದು ನೂರಿಪ್ಪತ್ತು ಬಿಲ್ಲೆಗಳನ್ನು ಒಂದೊಂದಾಗಿ ಕೊರೆದಳು. ಮಿಕ್ಕ ಆರುನೂರು ಗಜದ ಹಾಯಿಗೆ ಎಷ್ಟು ಅಗಲ ಬೇಕೆಂದು ಲೆಕ್ಕ ಹಾಕಿ ಇನ್ನೊಂದು ಕಂಬದ ಜಾಗ ಗೊತ್ತುಮಾಡಿದಳು. ಹನ್ನೊಂದು ವರ್ಷ ಹಿಡಿಯಿತು. ನೂರಡಿಯ ಹಡಗು ನಾಲ್ಕಡಿಯಾಗಿ ಮೇಲಿನ ಕೋಣೆಯ ಕಿಟಕಿ ಪಕ್ಕ ನಿಂತಿತು. ಹಾಯಿಕಂಬ ಮೂರು.

*

"ಯಾರೂ ಹೇಳಲಿಲ್ಲಮ್ಮ," ಎಂದ ಮೇಲ್ವಿಚಾರಕ. ಅಂಗಡಿಯೊಳಗೆ ನೋಡಿದವನು ತಟ್ಟನೆ ನಿಂತುಬಿಟ್ಟ. ಕೈಯಲ್ಲಿದ್ದ ಉದ್ದನೆಯ ನಕ್ಷೆಯ ಸುರುಳಿ ಕೆಳಕ್ಕಿಳಿಯಿತು. "ನನಗೆ... ನನಗೆ ಗೊತ್ತೇ ಇರಲಿಲ್ಲ. ನಾನು ಅವರನ್ನೇ ನೋಡೋಕೆ ಬಂದೆ."

"ನೋಡಿ. ಅಲ್ಲಿದಾಳೆ."

ಅವನು ಒಳಗೆ ಹೋಗಿ ಅಕ್ಕನ ಕಾಲ ಬಳಿ ತಲೆ ತಗ್ಗಿಸಿ ನಿಂತ. ಹಿಂದಿರುಗಿ ಬಂದು, ದನಿ ಇಳಿಸಿ ಹೇಳಿದ: "ಬಂದರಿನ ಬಾಯಿ ಆಳ ಮಾಡ್ತಿದ್ರಲ್ಲ, ಅಲ್ಲಿ ಹಡಗು ಸಿಕ್ಕಿದೆಯಮ್ಮ. ತಳದ ಮರ ಇಡೀದು ಇದೆ. ಮುಳುಗುಗಾರರು ನೆನ್ನೆ ಕೆಸರೆಲ್ಲ ತೆಗೆದ್ರು. ಕಂಬ ಕೂರಿಸೋ ಗುಳಿ..."

ಅವನು ಸುರುಳಿ ಬಿಡಿಸತೊಡಗಿದ.

"ಎಷ್ಟು?" ಎಂದಳು ತಂಗಿ.

"ಮೂರು."

ಕ್ಷೌರಿಕ ಬಾಯಿ ತೆರೆದದ್ದನ್ನು ಮುಚ್ಚಲಿಲ್ಲ. ತಂಗಿ ಪಕ್ಕದಲ್ಲಿದ್ದ ಹೊಲಿಗೆಯಂತ್ರದ ಮೇಲೆ ಕೈಯೂರಿದಳು. ಮೊದಲು ಬಂದದ್ದು ಸಂತೋಷವಲ್ಲ, ನಾಚಿಕೆ.

*

ನಾಲ್ಕು ವರ್ಷದ ಹಿಂದೆ ಇಬ್ಬರೂ ಹಡಗನ್ನು ಬಾಡಿಗೆ ಗಾಡಿಯಲ್ಲಿ ಮ್ಯೂಸಿಯಂಗೆ ಒಯ್ದಿದ್ದರು. ಮೇಲ್ವಿಚಾರಕ ಅದರ ಸುತ್ತ ಮೂರು ಸುತ್ತು ಹಾಕಿ, ಮಂಡಿಯೂರಿ ಕೂತು, ಕನ್ನಡಕ ತೆಗೆದು ನೋಡಿದ್ದ.

"ಇಂಥ ಕೆಲಸ ನಾನು ನೋಡೇ ಇಲ್ಲಮ್ಮ. ನಮ್ಮದನ್ನ ತೆಗೆದು ನಾಳೆನೇ ಇದನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡ್ತೀನಿ. ಆ ಮೂರನೇ ಕಂಬ ಒಂದು ತೆಗೆದುಕೊಟ್ಟುಬಿಡಿ."

ತಂಗಿಯ ಜೀವ ಹಿಗ್ಗಿತ್ತು. ಗಾಜಿನ ಪೆಟ್ಟಿಗೆ! ಕೆಳಗೆ ಅಕ್ಕನ ಹೆಸರು! ಅವಳು ಅಕ್ಕನನ್ನು ಬಾಗಿಲ ಮರೆಗೆ ಎಳೆದುಕೊಂಡು ಹೋಗಿ ಗೋಗರೆದಿದ್ದಳು. "ಒಂದು ಕಂಬ ಕಣೆ. ಪಿನ್ನು ಕಿತ್ತ ಹಾಗೆ ಕಿತ್ತುಬಿಡು. ಯಾರಿಗೇನು ನಷ್ಟ?"

"ಗಿರಾಕಿ ಕೇಳಿದ ಅಂತ ಒಂದೇ ತೋಳಿನ ಅಂಗಿ ಹೊಲಿದು ಕೊಡ್ತೀಯೇನೆ?"

"ಓದಿದವರು ಹೇಳ್ತಿದಾರಲ್ಲೇ!"

"ಅವರು ಓದಿದಾರೆ. ನಾನು ಬಟ್ಟೆ ಕತ್ತರಿಸಿದೀನಿ."

ವಾಪಸು ಬರುವಾಗ ಗಾಡಿ ಸಿಗದೆ ಬಸ್ಸು ಹತ್ತಿದರು. ಹಿಂದಿನ ಸೀಟಿನ ಉದ್ದಕ್ಕೂ ಹಡಗು, ಅದರ ಆಚೀಚೆ ಇಬ್ಬರು ಹೆಂಗಸರು. ನಿಂತಿದ್ದವರು ಗೊಣಗಿದರು, ಒಬ್ಬ ನಕ್ಕ. ತಂಗಿ ಆ ಬಸ್ಸಿನಲ್ಲೇ ಆಡಬಾರದ್ದನ್ನು ಆಡಿದ್ದಳು: "ಹನ್ನೊಂದು ವರ್ಷ ಕೂಡಿಟ್ಟಿದ್ದು ಹಟ ಒಂದೇ. ಊರೆಲ್ಲ ನಗತ್ತೆ ನಿನ್ನ ನೋಡಿ."

ಅಕ್ಕ ಹಾಯಿಯೊಂದರ ಅಂಚನ್ನು ಬೆರಳಲ್ಲಿ ತೀಡುತ್ತ, "ನಗಲಿ ಬಿಡು, ಬಟ್ಟೆ ಸುಳ್ಳು ಹೇಳಲ್ಲ," ಎಂದಿದ್ದಳು. ಮರುದಿನ ಎಂದಿನಂತೆ ಅಂಗಡಿ ಬಾಗಿಲು ತೆಗೆದಳು. ಆಮೇಲೆ ಅಳತೆ ಕೊಡಲು ಬಂದವರನ್ನೆಲ್ಲ ಮೇಲೆ ಕರೆದೊಯ್ದು ಹಡಗು ತೋರಿಸುತ್ತಿದ್ದಳು, ಯಾವ ಸಂಕೋಚವೂ ಇಲ್ಲದೆ. ಸಂಕೋಚವೆಲ್ಲ ತಂಗಿಯ ಪಾಲಿಗೆ ಬಂದಿತ್ತು.

*

"ಹಳೇ ತಲೆಗಳು ಈಗಲೂ ಒಪ್ತಿಲ್ಲ," ಎನ್ನುತ್ತಿದ್ದ ಮೇಲ್ವಿಚಾರಕ. "ಮೂರನೇ ಗುಳಿ ನೀರೆತ್ತೋ ಕೊಳವೆದು ಇರಬಹುದು ಅಂತಾರೆ. ಕೇಳಬಾರದ ಹೊತ್ತಲ್ಲಿ ಕೇಳ್ತಿದೀನಿ, ಕ್ಷಮಿಸಿ. ಎರಡನೇ ಗುಳಿಯಿಂದ ಮೂರನೇದಕ್ಕೆ ಎಷ್ಟು ದೂರ ಅಂತ ಅಳೆದಿದೀವಿ. ಅವರ ಹಡಗಿನಲ್ಲೂ ಒಂದು ಸಲ ಅಳೆದು ನೋಡಿದ್ರೆ... ಬರೀ ಬಟ್ಟೆ ಲೆಕ್ಕದಿಂದ ಅವರು ಅದೇ ಜಾಗ ಹಿಡಿದಿದ್ರೆ, ಆಮೇಲೆ ಯಾರೂ ಉಸಿರೆತ್ತಲ್ಲ."

ತಾಳೆಯಾಗದಿದ್ದರೆ? ಅಕ್ಕನನ್ನು ಎತ್ತುವ ಹೊತ್ತಲ್ಲಿ, ಇಷ್ಟು ಜನರ ಎದುರು, ಇನ್ನೊಮ್ಮೆ ಸೋಲಿಸಿ ಕಳಿಸುವುದೇ? ಬೇಡ ಎನ್ನಲು ತಂಗಿ ಬಾಯಿ ತೆರೆದಳು. ಆದರೆ ಬೇಡ ಎಂದರೆ ಅದು ಬಸ್ಸಿನಲ್ಲಿ ಆಡಿದ ಮಾತನ್ನೇ ಮತ್ತೆ ಆಡಿದ ಹಾಗೆ.

"ನಿಮ್ಮ ಲೆಕ್ಕ ಚೀಟಿ ಮೇಲೆ ಬರೆದು ಮೇಷ್ಟ್ರ ಕೈಯಲ್ಲಿ ಕೊಡಿ," ಎಂದಳು. "ನನಗೆ ಹೇಳಬೇಡಿ. ಇಪ್ಪತ್ತೈದು ಅಡಿಗೆ ಒಂದಡಿ, ಅದು ಅವಳ ಲೆಕ್ಕ. ಅಳೆಯೋದು ನಾನು."

ಹಿಡಿಸುವಷ್ಟು ಜನ ಮೇಲೆ ಹತ್ತಿದರು. ಹಿಡಿಸದವರು ಮೆಟ್ಟಿಲ ಮೇಲೆ ನಿಂತರು. ತಂಗಿ ಅಕ್ಕನ ಟೇಪು ತೆಗೆದುಕೊಂಡಳು. ಹಗ್ಗಗಳ ನಡುವೆ ಬೆರಳು ತೂರಿಸಿ, ಎರಡನೇ ಕಂಬದ ಬುಡದ ನಡುಮಧ್ಯಕ್ಕೆ ತುದಿ ಒತ್ತಿ, ಮೂರನೆಯದರ ನಡುಮಧ್ಯಕ್ಕೆ ಎಳೆದಳು. ಬಿಟ್ಟು, ಉಸಿರೆಳೆದು, ಮತ್ತೊಮ್ಮೆ ಹಿಡಿದಳು.

"ಹದಿಮೂರು ಇಂಚು."

ಮೇಷ್ಟ್ರು ಚೀಟಿ ಬಿಡಿಸಿದರು. ಕನ್ನಡಕ ಸರಿಮಾಡಿಕೊಂಡರು. "ನೀರಲ್ಲಿ ಅಳೆದಿದ್ದು ಇಪ್ಪತ್ತೇಳು ಅಡಿ ನಾಲ್ಕಿಂಚು. ಇಪ್ಪತ್ತೈದರಿಂದ ಭಾಗಿಸಿದ್ರೆ..." ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಹದಿಮೂರು ಇಂಚು, ಮೇಲೆ ಒಂದು ನೂಲು!"

"ಒಂದು ನೂಲು!" ಎಂದ ಮೇಲ್ವಿಚಾರಕ. "ಇಂಚಿನ ಎಂಟನೇ ಒಂದು ಭಾಗ! ಒಂದು ನೂಲು ವ್ಯತ್ಯಾಸ, ಅಷ್ಟೆ!"

ತಂಗಿ ಟೇಪನ್ನು ನಿಧಾನವಾಗಿ ಸುತ್ತಿದಳು. "ಹಾಗಾದ್ರೆ ಹಡಗು ಕಟ್ಟಿದವರು ಒಂದು ನೂಲು ತಪ್ಪಿದಾರೆ," ಎಂದಳು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕ್ಷೌರಿಕ ಹೋ ಎಂದು ನಕ್ಕ. ನಗು ಮೆಟ್ಟಿಲಿಳಿದು, ಅಂಗಡಿ ದಾಟಿ, ಬೀದಿಯವರೆಗೆ ಹೋಯಿತು. "ಏನಾಯ್ತು? ಏನಾಯ್ತು?" ಎಂದು ಹೊರಗಿನವರು ಕೇಳಿದರು. "ಟೇಪಕ್ಕ ಗೆದ್ಲು!" ಎಂದು ಯಾರೋ ಕೂಗಿದರು. ಸಾವಿನ ಮನೆ ಎಂಬುದನ್ನು ಮರೆತು ಬೀದಿ ಚಪ್ಪಾಳೆ ಹೊಡೆಯಿತು.

ಮೇಲ್ವಿಚಾರಕ ಮಾತ್ರ ನಗಲಿಲ್ಲ. "ಅವತ್ತು ನಾನು ಹಾಗೆ ಹೇಳಬಾರದಿತ್ತಮ್ಮ."

"ನಿಮ್ಮೊಬ್ಬರದೇ ಅಲ್ಲ," ಎಂದಳು ತಂಗಿ. "ನಾನೂ ಅವತ್ತು ನಿಮ್ಮ ಪಕ್ಷಾನೇ." ಇಷ್ಟು ದಿನ ಬಾರದಿದ್ದ ಅಳು ಆಗ ಬಂತು. ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನೆಟ್ಟಗೆ ನಿಂತಳು. "ಈಗ ಇದನ್ನ ಹೇಗೆ ಒಯ್ತೀರಿ ಹೇಳಿ."

ವ್ಯಾನಿನ ಬಾಗಿಲು ಗಿಡ್ಡ. ಕಂಬಗಳನ್ನು ಬಿಚ್ಚಿ ಒಯ್ದು ಅಲ್ಲಿ ಕೂರಿಸಬಹುದು ಎಂದ ಮೇಲ್ವಿಚಾರಕ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಕಂಬದ ತಂಟೆಗೆ ಮಾತ್ರ ಬರಬೇಡಿ," ಎಂದಳು ತಂಗಿ. "ಸ್ಮಶಾನಕ್ಕೆ ಹೋಗೋದು ನಿಮ್ಮ ಮ್ಯೂಸಿಯಂ ಮುಂದೇನೇ ಅಲ್ವಾ? ಅವಳ ಹಿಂದೆ ಹೊತ್ಕೊಂಡು ಬನ್ನಿ."

ಮೆಟ್ಟಿಲು ಇಳಿಸುವುದು ಕಷ್ಟವಾಗಲಿಲ್ಲ. ಮೆಟ್ಟಿಲಿನ ಅಗಲವನ್ನೂ ಸೂರಿನ ಎತ್ತರವನ್ನೂ ಅಳೆದುಕೊಂಡೇ ಅಕ್ಕ ಹಡಗಿನ ಅಳತೆ ಇಟ್ಟಿದ್ದಳು. ಎರಡು ಕಡೆಯೂ ಹೆಬ್ಬೆರಳಷ್ಟು ಜಾಗ ಉಳಿಯಿತು. ಮೊದಲು ಅಕ್ಕನನ್ನು ಎತ್ತಿ ಶವದ ಗಾಡಿಯೊಳಗೆ ಮಲಗಿಸಿದರು. ಬಳಿಕ ಹಡಗನ್ನು ಹಲಗೆಯ ಮೇಲಿಟ್ಟು ನಾಲ್ವರು ಹೆಗಲಿಗೇರಿಸಿದರು. ಮುಂದೆ ಕ್ಷೌರಿಕ ಮತ್ತು ಮೇಷ್ಟ್ರು, ಹಿಂದೆ ವ್ಯಾನಿನ ಚಾಲಕ ಮತ್ತು ಮೇಲ್ವಿಚಾರಕ.

ತಂಗಿ ಶವದ ಗಾಡಿಯಲ್ಲಿ ಅದರ ಚಾಲಕನ ಪಕ್ಕ ಕೂತಳು. ಕಾಲ್ನಡಿಗೆಯ ವೇಗದಲ್ಲಿ ಗಾಡಿ ಹೊರಟಿತು. ಅಂಗಡಿಗಳವರು ಬಾಗಿಲಿಗೆ ಬಂದು ನಿಂತರು. ಮಹಡಿಯ ಮೇಲಿನಿಂದ ಒಬ್ಬಾಕೆ ಬೆರಳು ಮಾಡಿ ಕಂಬ ಎಣಿಸುತ್ತಿದ್ದುದು ಕಾಣಿಸಿತು. ಓಣಿ ಮುಗಿದು ಕಡಲ ದಂಡೆಯ ರಸ್ತೆಗೆ ತಿರುಗಿದ್ದೇ ತಡ, ಹಿಂದಿನಿಂದ ಗಾಳಿ ರಭಸವಾಗಿ ಬೀಸಿತು. ಜೊತೆಗೇ ಕೂಗಾಟ ಕೇಳಿಸಿತು.

"ನಿಧಾನ ಕಣಯ್ಯಾ, ಯಾಕೆ ಓಡ್ತೀಯ?" ಇದು ಮೇಷ್ಟ್ರ ದನಿ.

"ನಾನೆಲ್ಲಿ ಓಡ್ತಿದೀನಿ ಮೇಷ್ಟ್ರೇ, ಇದೇ ಎಳ್ಕೊಂಡು ಹೋಗ್ತಿದೆ!"

ಚಾಲಕ ಗಾಡಿಯ ಹೊರಗನ್ನಡಿಯತ್ತ ಕಣ್ಣು ಹಾಯಿಸಿ, ಕಕ್ಕಾಬಿಕ್ಕಿಯಾಗಿ ತಂಗಿಯ ಕಡೆ ತಿರುಗಿದ. "ಅಮ್ಮಾ, ಸ್ವಲ್ಪ ಜೋರಾಗಿ ಬಿಡ್ಲಾ? ಇಲ್ಲಾಂದ್ರೆ ನಮ್ಮನ್ನೇ ದಾಟಿಬಿಡತ್ತೆ."

ತಂಗಿ ತನ್ನ ಕಡೆಯ ಕನ್ನಡಿಗೆ ಬಗ್ಗಿದಳು. ಹೊತ್ತವರು ಕಾಣುತ್ತಿರಲಿಲ್ಲ, ರಸ್ತೆಯೂ ಕಾಣುತ್ತಿರಲಿಲ್ಲ. ಬಿಸಿಲಿನಲ್ಲಿ ಕನ್ನಡಿಯ ತುಂಬ ಹಡಗೊಂದೇ ಮೇಲೇರುತ್ತ, ಇಳಿಯುತ್ತ, ಹತ್ತಿರವಾಗುತ್ತಿತ್ತು. ಮೂರೂ ಕಂಬಗಳ ಹಾಯಿಗಳು ಗಾಳಿಯುಂಡು ಉಬ್ಬಿದ್ದವು, ಎಲ್ಲಿಯೂ ಒಂದು ಸುಕ್ಕಿಲ್ಲದೆ.